ಸಾಕುನಾಯಿಗೆ ಔಷಧಕ್ಕೆ ಬಗ್ಗದ ಕ್ಷಯ: ಮೊದಲು ತಪಾಸಣೆ ಆಗಬೇಕಾದ್ದು ಯಾರಿಗೆ?

ಅಮೆರಿಕದ ಟೆನೆಸಿ ರಾಜ್ಯದಲ್ಲಿ ಮೂರೂವರೆ ವರ್ಷದ ಯಾರ್ಕ್‌ಶೈರ್ ಟೆರಿಯರ್ ನಾಯಿಯೊಂದು ತಿಂಗಳುಗಟ್ಟಲೆ ಕೆಮ್ಮಿ, ವಾಂತಿ ಮಾಡಿಕೊಂಡು, ಮೈ ಇಳಿದು ಪಶುವೈದ್ಯರ ಮೇಜು ಹತ್ತಿತು. ಅದರ ಒಡತಿ 71 ವರ್ಷದ ಮಹಿಳೆ. ಆಕೆಗೆ ಶ್ವಾಸಕೋಶದ ಕ್ಷಯ ಆಗಿತ್ತು. ನಾಯಿಯ ದೇಹದಿಂದ ತೆಗೆದ ಬ್ಯಾಕ್ಟೀರಿಯಾವನ್ನೂ ಆಕೆಯ ಕಫದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನೂ ವಂಶವಾಹಿ ಮಟ್ಟದಲ್ಲಿ ಹೋಲಿಸಿ ನೋಡಿದಾಗ ಎರಡೂ ಒಂದೇ ತಳಿ ಎಂದು ತಿಳಿಯಿತು. 2004ರಲ್ಲಿ ಪ್ರಕಟವಾದ ಈ ವರದಿ ವೈದ್ಯಲೋಕದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಹತ್ತು ವರ್ಷಗಳ ನಂತರ ಪೋರ್ಚುಗಲ್‌ನಿಂದ ಇನ್ನೂ ಕಹಿಯಾದ ಸುದ್ದಿ ಬಂತು. ಕ್ಷಯದ ಇತಿಹಾಸವಿದ್ದ ಕುಟುಂಬವೊಂದರ ನಾಯಿ ಕರುಳಿನ ಕಾಯಿಲೆಯಿಂದ ಸತ್ತಿತು. ಕಾರಣ ಮನುಷ್ಯರ ಕ್ಷಯಾಣುವೇ. ಅದೂ ಬಹುಔಷಧ ನಿರೋಧಕತೆಯ ಹೊಸ್ತಿಲಿಗೆ ಬಂದು ನಿಂತಿದ್ದ ತಳಿ.

ಇಂಥ ಸುದ್ದಿ ಕಿವಿಗೆ ಬಿದ್ದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: ನಾಯಿಯಿಂದ ನಮಗೆ ಟಿ.ಬಿ. ಬರುತ್ತದೆಯೇ? ಪ್ರಶ್ನೆ ಸಹಜವಾದದ್ದೇ, ಆದರೆ ಅದು ತಪ್ಪು ದಿಕ್ಕಿಗೆ ಮುಖ ಮಾಡಿದೆ. ಟೆನೆಸಿಯಲ್ಲೂ ಪೋರ್ಚುಗಲ್‌ನಲ್ಲೂ ರೋಗದ ಜಾಡು ಹಿಡಿದು ಹೋದರೆ ಸಿಗುವುದು ಮನುಷ್ಯ.

ಮೈಕೋಬ್ಯಾಕ್ಟೀರಿಯಂ ಟ್ಯೂಬರ್‌ಕ್ಯುಲೋಸಿಸ್ ಎಂಬ ಈ ಜೀವಿ ಸಾವಿರಾರು ವರ್ಷಗಳಿಂದ ಮನುಷ್ಯನ ಶ್ವಾಸಕೋಶಕ್ಕೆ ಒಗ್ಗಿಕೊಂಡು ಬದುಕಿದೆ. ರೋಗಿ ಕೆಮ್ಮಿದಾಗ ಗಾಳಿಗೆ ಸೇರುತ್ತದೆ, ಪಕ್ಕದಲ್ಲಿರುವವನ ಉಸಿರಿನೊಳಗೆ ಹೋಗುತ್ತದೆ, ಆತ ಕೆಮ್ಮತೊಡಗಿದಾಗ ಮೂರನೆಯವನಿಗೆ ದಾಟುತ್ತದೆ. ಈ ಸರಪಳಿಯಲ್ಲಿ ನಾಯಿ ಸಾಮಾನ್ಯವಾಗಿ ಕೊನೆಯ ಕೊಂಡಿ. ನಾಯಿಯ ದೇಹ ಈ ಬ್ಯಾಕ್ಟೀರಿಯಾವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ರೋಗ ಬಂದರೂ ಮನುಷ್ಯರ ಶ್ವಾಸಕೋಶದಲ್ಲಿ ಆಗುವಂತೆ ದೊಡ್ಡ ದೊಡ್ಡ ಕುಹರಗಳು ನಾಯಿಯಲ್ಲಿ ಆಗುವುದು ಅಪರೂಪ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಕೆಮ್ಮಿನೊಡನೆ ಹೊರಬೀಳುವುದು ಅಂಥ ಕುಹರಗಳಿಂದ. ಜೊತೆಗೆ ನಾಯಿ ಕಫವನ್ನು ಉಗುಳುವುದಿಲ್ಲ, ನುಂಗಿಬಿಡುತ್ತದೆ. ಪೋರ್ಚುಗಲ್‌ನ ನಾಯಿಯಂತೆ ಕೆಲವೊಮ್ಮೆ ರೋಗ ಕರುಳಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ನಡೆದ ಅಧ್ಯಯನವೊಂದು ಈ ಚಿತ್ರಕ್ಕೆ ಅಳತೆ ಕೊಡುತ್ತದೆ. ಅಲ್ಲಿ ಕ್ಷಯ ವಿಪರೀತ. ಸೂಕ್ಷ್ಮದರ್ಶಕಕ್ಕೆ ಕಾಣುವಷ್ಟು ಕ್ಷಯಾಣು ಕಫದಲ್ಲಿದ್ದ ರೋಗಿಗಳೊಂದಿಗೆ ವಾಸಿಸುತ್ತಿದ್ದ ನಾಯಿಗಳ ರಕ್ತ ಪರೀಕ್ಷಿಸಿದಾಗ, ಅವುಗಳಲ್ಲಿ ಅರ್ಧದಷ್ಟಕ್ಕೆ ಸೋಂಕು ತಗಲಿದೆ ಎಂಬ ಅಂದಾಜು ಬಂತು. ಮಾದರಿ ಚಿಕ್ಕದಾದ್ದರಿಂದ ಅಂದಾಜಿನ ವ್ಯಾಪ್ತಿ ಶೇ 32ರಿಂದ 68ರವರೆಗೆ ಚಾಚಿಕೊಂಡಿದೆ. ಆದರೆ ಮರಣೋತ್ತರ ಪರೀಕ್ಷೆಗೆ ಬಂದ ನಾಯಿಗಳಲ್ಲಿ ಕ್ಷಯ ಸಿಕ್ಕಿದ್ದು ಸುಮಾರು ಶೇ 1ರಲ್ಲಿ ಮಾತ್ರ. ಸೋಂಕು ತಗಲುವುದು ಬೇರೆ, ರೋಗವಾಗಿ ತಲೆಯೆತ್ತುವುದು ಬೇರೆ. ಮನುಷ್ಯರಲ್ಲೂ ಹಾಗೆಯೇ. ಸೋಂಕು ತಗಲಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಜೀವನಪರ್ಯಂತ ಅದನ್ನು ಅರಿಯದೆಯೇ ಇದ್ದುಬಿಡುತ್ತಾರೆ.

ಔಷಧ ನಿರೋಧಕತೆಯ ಮಾತು ಬಂದಾಗ ಈ ದಿಕ್ಕಿನ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಕ್ಷಯ ಚಿಕಿತ್ಸೆಯ ಎರಡು ಮುಖ್ಯ ಔಷಧಗಳು. ಎರಡಕ್ಕೂ ಬಗ್ಗದ ತಳಿಯನ್ನು ಬಹುಔಷಧ ನಿರೋಧಕ ಕ್ಷಯ ಎನ್ನುತ್ತಾರೆ. ಒಬ್ಬ ರೋಗಿಯ ದೇಹದಲ್ಲಿರುವ ಅಪಾರ ಸಂಖ್ಯೆಯ ಕ್ಷಯಾಣುಗಳಲ್ಲಿ ಕೆಲವು, ವಂಶವಾಹಿಯ ಆಕಸ್ಮಿಕ ಬದಲಾವಣೆಯಿಂದ, ಯಾವುದೋ ಒಂದು ಔಷಧಕ್ಕೆ ಸಾಯದಂತಾಗಿರುತ್ತವೆ. ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವುದು ಅದಕ್ಕಾಗಿಯೇ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಬೇಕು. ಮಾತ್ರೆ ನಡುವೆ ನಿಂತರೆ, ಪ್ರಮಾಣ ಕಡಿಮೆಯಾದರೆ, ಸರ್ಕಾರಿ ದಾಸ್ತಾನಿನಲ್ಲಿ ಔಷಧವೇ ಮುಗಿದರೆ, ಅಥವಾ ವೈದ್ಯರು ತಪ್ಪು ಜೋಡಿಯನ್ನು ಬರೆದರೆ, ಸಾಯದೆ ಉಳಿದ ಆ ಕೆಲವೇ ಬ್ಯಾಕ್ಟೀರಿಯಾಗಳು ಬೆಳೆದು ಮೇಲುಗೈ ಸಾಧಿಸುತ್ತವೆ. ಇದು ಒಂದು ದಾರಿ. ಇನ್ನೊಂದು ದಾರಿ ನೇರವಾದದ್ದು. ಒಬ್ಬರಲ್ಲಿ ಹೀಗೆ ರೂಪುಗೊಂಡ ತಳಿ ಕೆಮ್ಮಿನ ಮೂಲಕ ಮತ್ತೊಬ್ಬರಿಗೆ ದಾಟುತ್ತದೆ. ಆ ಎರಡನೆಯವರು ಒಂದೂ ಮಾತ್ರೆ ತಪ್ಪಿಸಿರಬೇಕಾಗಿಲ್ಲ, ಒಂದೂ ಮಾತ್ರೆ ನುಂಗಿರಲೂ ಬೇಕಾಗಿಲ್ಲ.

ನಾಯಿ ಈ ಎರಡನೆಯ ಗುಂಪಿಗೆ ಸೇರಿದ್ದು. ಅದಕ್ಕೆ ಯಾರೂ ಐಸೋನಿಯಾಜಿಡ್ ಕೊಟ್ಟಿಲ್ಲ, ಕೋರ್ಸ್ ಅರ್ಧಕ್ಕೆ ನಿಲ್ಲಿಸಿಯೂ ಇಲ್ಲ. ಅದರ ಶ್ವಾಸಕೋಶದಲ್ಲಿ ನಿರೋಧಕ ತಳಿ ಸಿಕ್ಕಿದೆ ಎಂದರೆ, ಆ ತಳಿಯನ್ನು ಸಿದ್ಧರೂಪದಲ್ಲಿಯೇ ಗಾಳಿಗೆ ಬಿಡುತ್ತಿದ್ದ ಮನುಷ್ಯರೊಬ್ಬರು ಅದೇ ಮನೆಯಲ್ಲಿ ಅಥವಾ ಹತ್ತಿರದಲ್ಲಿ ಇದ್ದರು, ಬಹುಶಃ ಈಗಲೂ ಇದ್ದಾರೆ. ಅವರಿಗೆ ಕ್ಷಯ ಇದೆಯೆಂದೇ ಪತ್ತೆಯಾಗಿಲ್ಲದಿರಬಹುದು. ಇಲ್ಲವೇ ಕ್ಷಯ ಪತ್ತೆಯಾಗಿ ಮಾಮೂಲಿ ಮಾತ್ರೆ ನಡೆಯುತ್ತಿದ್ದು, ಅದು ಕೆಲಸ ಮಾಡುತ್ತಿಲ್ಲ ಎಂಬುದು ಗೊತ್ತಾಗಿಲ್ಲದಿರಬಹುದು. ಎರಡನೆಯದು ಹೆಚ್ಚು ಅಪಾಯಕಾರಿ ಎನ್ನುವುದು ನನ್ನ ಅಭಿಪ್ರಾಯ. ಏಕೆಂದರೆ ಚಿಕಿತ್ಸೆ ನಡೆಯುತ್ತಿದೆ ಎಂಬ ಧೈರ್ಯದಲ್ಲಿ ಮನೆಯವರೂ ಎಚ್ಚರ ಸಡಿಲಿಸಿರುತ್ತಾರೆ.

ಇದನ್ನು ಭಾರತದಲ್ಲಿಟ್ಟು ನೋಡಬೇಕು. 2023ರಲ್ಲಿ ಜಗತ್ತಿನಲ್ಲಿ 1 ಕೋಟಿ 8 ಲಕ್ಷ ಜನ ಕ್ಷಯಕ್ಕೆ ತುತ್ತಾದರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಅವರಲ್ಲಿ ಶೇ 26ರಷ್ಟು ಮಂದಿ ಭಾರತದವರು. ಅದೇ ವರ್ಷ ರಿಫಾಂಪಿಸಿನ್‌ಗೆ ಬಗ್ಗದ ಅಥವಾ ಬಹುಔಷಧ ನಿರೋಧಕ ಕ್ಷಯ ಸುಮಾರು 4 ಲಕ್ಷ ಮಂದಿಗೆ ಬಂದಿತ್ತು. ಅದರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ನಮ್ಮಲ್ಲಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕ್ಷಯದ ಲಕ್ಷಣಗಳಿದ್ದವರಲ್ಲಿ ಸುಮಾರು ಶೇ 64ರಷ್ಟು ಮಂದಿ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ಕೆಮ್ಮು ತಾನೇ, ಹೋಗುತ್ತದೆ ಬಿಡು ಎಂಬ ಧೋರಣೆ ಒಂದು ಕಡೆ. ದಿನಗೂಲಿ ಬಿಟ್ಟು ಆಸ್ಪತ್ರೆಯ ಸರತಿಯಲ್ಲಿ ನಿಲ್ಲಲಾಗದ ಸ್ಥಿತಿ ಇನ್ನೊಂದು ಕಡೆ. ಈ ಅವಧಿಯಲ್ಲಿ ಮನೆಯ ಮಕ್ಕಳು ಉಸಿರಾಡುವ ಗಾಳಿಯನ್ನೇ ಮನೆಯ ನಾಯಿಯೂ ಉಸಿರಾಡುತ್ತದೆ.

ಮಕ್ಕಳ ಪ್ರಸ್ತಾಪಕ್ಕೆ ಕಾರಣವಿದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದಶಕಗಳಿಂದ ಬಳಸಿಕೊಂಡು ಬಂದ ಒಂದು ವಿಧಾನ ಇಲ್ಲಿ ನೆನಪಾಗಬೇಕು. ಒಂದು ಊರಿನಲ್ಲಿ ಕ್ಷಯ ಈಗ ಎಷ್ಟು ವೇಗವಾಗಿ ಹರಡುತ್ತಿದೆ ಎಂದು ತಿಳಿಯಲು ಹಿರಿಯರನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಅರವತ್ತು ವರ್ಷದವರಿಗೆ ಸೋಂಕು ತಗಲಿದ್ದು ಕಳೆದ ವರ್ಷವೋ, ಅವರ ಬಾಲ್ಯದಲ್ಲೋ ಹೇಳುವುದು ಹೇಗೆ? ಆದ್ದರಿಂದ ಒಂದರಿಂದ ಒಂಬತ್ತು ವರ್ಷದ ಮಕ್ಕಳ ಮುಂಗೈಗೆ ಟ್ಯೂಬರ್‌ಕ್ಯುಲಿನ್ ಎಂಬ ಕ್ಷಯಾಣುವಿನ ಸಾರವನ್ನು ಚುಚ್ಚಿ, ಚರ್ಮ ಊದುತ್ತದೆಯೇ ಎಂದು ನೋಡುತ್ತಾರೆ. ಐದು ವರ್ಷದ ಮಗುವಿಗೆ ಸೋಂಕಿದ್ದರೆ ಅದು ಈ ಐದು ವರ್ಷದೊಳಗೇ ತಗಲಿದ್ದು. 2000ದಿಂದ 2003ರವರೆಗೆ ನಡೆದ ಅಂಥ ಸಮೀಕ್ಷೆಯಲ್ಲಿ ದೇಶದ ವಾರ್ಷಿಕ ಸೋಂಕಿನ ಅಪಾಯ ಶೇ 1.5, ಅಂದರೆ ವರ್ಷಕ್ಕೆ ಇನ್ನೂರರಲ್ಲಿ ಮೂವರಿಗೆ ಸೋಂಕು, ಎಂದು ಲೆಕ್ಕ ಸಿಕ್ಕಿತ್ತು.

ನಾಯಿಗೂ ಈ ತರ್ಕ ಒಪ್ಪುತ್ತದೆ. ಅದರ ಆಯುಷ್ಯವೇ ಹತ್ತು ಹನ್ನೆರಡು ವರ್ಷ. ಮೂರು ವರ್ಷದ ನಾಯಿಯಲ್ಲಿ ನಿರೋಧಕ ಕ್ಷಯ ಸಿಕ್ಕರೆ ಅದು ಹಳೆಯ ಕಥೆಯಾಗಲು ಸಾಧ್ಯವಿಲ್ಲ. ಈ ಮೂರು ವರ್ಷಗಳಲ್ಲಿ ನಡೆದದ್ದು. ಅದರ ಓಡಾಟವೂ ಸೀಮಿತ. ಅಪಾರ್ಟ್‌ಮೆಂಟಿನ ನಾಯಿ ಬಸ್ಸು ಹತ್ತಿಲ್ಲ, ಕಚೇರಿಗೆ ಹೋಗಿಲ್ಲ, ಸಿನಿಮಾ ಮಂದಿರದಲ್ಲಿ ಕುಳಿತಿಲ್ಲ. ಮನೆಯವರಿಗೆ ಸೋಂಕು ಎಲ್ಲಿಂದ ಬಂತೆಂದು ಹುಡುಕುವುದಕ್ಕಿಂತ ನಾಯಿಗೆ ಎಲ್ಲಿಂದ ಬಂತೆಂದು ಹುಡುಕುವುದು ಸುಲಭ. ಶಂಕಿಸಬೇಕಾದವರ ಪಟ್ಟಿ ಒಂದು ಪಡಿತರ ಚೀಟಿಯಷ್ಟು ಉದ್ದವೂ ಇರುವುದಿಲ್ಲ.

ಇನ್ನು ಪತ್ತೆಯ ಕಷ್ಟ. ನಾಯಿ ಕಫವನ್ನು ಡಬ್ಬಿಗೆ ಉಗುಳಿ ಕೊಡುವುದಿಲ್ಲವಾದ್ದರಿಂದ ಅರಿವಳಿಕೆ ಕೊಟ್ಟು ಶ್ವಾಸನಾಳ ತೊಳೆದು ದ್ರವ ತೆಗೆಯಬೇಕು, ಅಥವಾ ಊದಿಕೊಂಡ ದುಗ್ಧರಸ ಗ್ರಂಥಿಯಿಂದ ಸೂಜಿಯಲ್ಲಿ ಮಾದರಿ ಹೀರಬೇಕು. ದನಗಳಿಗೆ ಮಾಡುವ ಚರ್ಮದ ಪರೀಕ್ಷೆ ನಾಯಿಯಲ್ಲಿ ನಂಬಲರ್ಹವಲ್ಲ. ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ವಾರಗಳು ಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿರುವ ಸಿಬಿನಾಟ್, ಟ್ರೂನಾಟ್ ಯಂತ್ರಗಳು ಗಂಟೆ ಎರಡು ಗಂಟೆಯಲ್ಲಿ ಕ್ಷಯಾಣುವನ್ನೂ ರಿಫಾಂಪಿಸಿನ್ ನಿರೋಧಕತೆಯನ್ನೂ ಹೇಳಬಲ್ಲವು. ಆದರೆ ಅವು ಮನುಷ್ಯರ ಮಾದರಿಗಾಗಿ ಪ್ರಮಾಣೀಕರಿಸಿದವು, ಸರ್ಕಾರಿ ಯಂತ್ರದ ಚಿಪ್ಪು ನಾಯಿಗೆ ಖರ್ಚಾಗುವುದನ್ನು ಯಾವ ಜಿಲ್ಲಾಧಿಕಾರಿಯೂ ಸುಲಭವಾಗಿ ಒಪ್ಪುವುದಿಲ್ಲ.

ಅಷ್ಟು ದೂರ ಹೋಗುವ ಮೊದಲೇ ಅನುಮಾನ ಬರಬೇಕಲ್ಲ. ನಮ್ಮ ಊರುಗಳ ಪಶುವೈದ್ಯರ ಮುಂದೆ ಜ್ವರ ಬಂದು, ತಿನ್ನುವುದು ಬಿಟ್ಟು, ಬಡಕಲಾದ ನಾಯಿ ನಿಂತರೆ ಮೊದಲು ನೆನಪಾಗುವುದು ಉಣ್ಣೆ ಜ್ವರ. ಕೆಮ್ಮಿದ್ದರೆ ಹೃದಯದ ತೊಂದರೆ, ಹೃದಯದ ಹುಳು, ಡಿಸ್ಟೆಂಪರ್, ಕೆನೆಲ್ ಕಾಫ್. ಈ ಕ್ರಮ ಸರಿಯೇ, ಏಕೆಂದರೆ ಬಹುಪಾಲು ಕೆಮ್ಮುವ ನಾಯಿಗಳಿಗೆ ಇರುವುದು ಇವೇ. ಎದೆಯ ಎಕ್ಸ್‌ರೇಯಲ್ಲಿ ಗಂಟುಗಳು ಕಂಡರೆ ಕ್ಯಾನ್ಸರ್ ಎಂದುಕೊಳ್ಳುವುದೂ ಸಹಜ. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಸಾಕುಪ್ರಾಣಿಗಳ ಕ್ಲಿನಿಕ್ಕುಗಳಲ್ಲಿ ಧಾರಾಳವಾಗಿ ಬಳಕೆಯಾಗುವ ಎನ್ರೋಫ್ಲಾಕ್ಸಾಸಿನ್, ಕ್ಷಯಕ್ಕೆ ಎರಡನೆಯ ಸಾಲಿನಲ್ಲಿ ಬಳಸುವ ಲೆವೋಫ್ಲಾಕ್ಸಾಸಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್‌ಗಳ ಹತ್ತಿರದ ಬಂಧು. ಅದನ್ನು ಕೊಟ್ಟಾಗ ಕ್ಷಯವಿದ್ದರೂ ನಾಯಿ ಕೆಲವು ದಿನ ಚೇತರಿಸಿಕೊಂಡಂತೆ ಕಾಣಬಹುದು. ಮನುಷ್ಯರಲ್ಲಿ ಇದೇ ಬಗೆಯ ಔಷಧಗಳನ್ನು ಒಂಟಿಯಾಗಿ ಕೊಟ್ಟಾಗ ಕ್ಷಯದ ಪತ್ತೆ ತಡವಾಗುವುದೂ, ಆ ಗುಂಪಿನ ಔಷಧಗಳಿಗೆ ನಿರೋಧಕತೆ ಬೆಳೆಯುವುದೂ ಚೆನ್ನಾಗಿ ಗೊತ್ತಿರುವ ಸಂಗತಿ. ಆಗಲೇ ರಿಫಾಂಪಿಸಿನ್‌ಗೆ ಬಗ್ಗದ ತಳಿಗೆ ಈ ಬಾಗಿಲನ್ನೂ ತೆರೆದುಕೊಟ್ಟರೆ ಅದನ್ನು ಪೂರ್ವ-ವಿಸ್ತೃತ ನಿರೋಧಕ ಎಂಬ ಇನ್ನೂ ಕೆಟ್ಟ ವರ್ಗಕ್ಕೆ ಸೇರಿಸಬೇಕಾಗುತ್ತದೆ. ನಾಯಿಯ ರೋಗದಲ್ಲಿ ಮನುಷ್ಯ ಹೊಸದಾಗಿ ಏನನ್ನಾದರೂ ಕೆಡಿಸಬಹುದಾದ ಜಾಗ ಇದು.

ಪತ್ತೆಯಾಯಿತು ಎಂದುಕೊಳ್ಳೋಣ. ಮುಂದೇನು? ಪಶುವೈದ್ಯ ಗ್ರಂಥಗಳ ಸಾಮಾನ್ಯ ಸಲಹೆ ದಯಾಮರಣ. ಮಗುವಿನಂತೆ ಸಾಕಿದವರಿಗೆ ಇದನ್ನು ಕೇಳುವುದು ಕಷ್ಟ. ಮನುಷ್ಯನೇ ಕೊಟ್ಟ ರೋಗಕ್ಕೆ ನಾಯಿ ಪ್ರಾಣ ತೆರುವುದು ನ್ಯಾಯವಂತೂ ಅಲ್ಲ. ಸಾಕಾನೆಗಳಿಗೂ ಮನುಷ್ಯರಿಂದಲೇ ಕ್ಷಯ ಬರುತ್ತದೆ, ಅವುಗಳಿಗೆ ತಿಂಗಳುಗಟ್ಟಲೆ ಔಷಧ ಕೊಟ್ಟು ನೋಡಿಕೊಂಡ ಉದಾಹರಣೆಗಳೂ ಇವೆ. ಆದರೂ ಬಹುಔಷಧ ನಿರೋಧಕ ಕ್ಷಯದ ಮಟ್ಟಿಗೆ ನಾಯಿಗೆ ಚಿಕಿತ್ಸೆ ಬೇಡ ಎನ್ನುವವರ ಪಕ್ಷದಲ್ಲಿ ನಾನಿದ್ದೇನೆ. ಭಾರತ 2024ರಲ್ಲಿ ಒಪ್ಪಿದ ಹೊಸ ಕ್ರಮದಲ್ಲಿ ಬೆಡಾಕ್ವಿಲಿನ್, ಪ್ರಿಟೋಮಾನಿಡ್, ಲಿನೆಜೋಲಿಡ್, ಅವುಗಳ ಜೊತೆ ಅಗತ್ಯಕ್ಕೆ ತಕ್ಕಂತೆ ಮಾಕ್ಸಿಫ್ಲಾಕ್ಸಾಸಿನ್ ಸೇರಿ ಆರು ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ಮೊದಲು ಇಪ್ಪತ್ತು ತಿಂಗಳವರೆಗೆ ಎಳೆಯುತ್ತಿತ್ತು. ಈ ಔಷಧಗಳು ಕೈಕೊಟ್ಟರೆ ಅದರಾಚೆ ಉಳಿಯುವ ದಾರಿಗಳು ತೀರಾ ಕಡಿಮೆ. ನಾಯಿಗೆ ಸರಿಯಾದ ಪ್ರಮಾಣವೇ ನಿಗದಿಯಾಗಿಲ್ಲದ ಔಷಧವನ್ನು ಅಂದಾಜಿನಲ್ಲಿ ಕೊಟ್ಟು, ಅದೇ ಮನೆಯೊಳಗೆ ಅದಕ್ಕೂ ಬಗ್ಗದ ತಳಿಯನ್ನು ಬೆಳೆಸುವ ಸಾಹಸ ಯಾರೂ ಮಾಡಬಾರದು.

ನಾಯಿಯ ದೇಹರಚನೆಯೂ ಇಲ್ಲಿ ಅಡ್ಡ ಬರುತ್ತದೆ. ಐಸೋನಿಯಾಜಿಡ್ಡನ್ನು ನಿರುಪದ್ರವಿಯಾಗಿ ಮಾರ್ಪಡಿಸುವ ಕಿಣ್ವವನ್ನು ತಯಾರಿಸುವ ವಂಶವಾಹಿಯೇ ನಾಯಿಗಳಲ್ಲಿ ಇಲ್ಲ. ಮನುಷ್ಯರಲ್ಲಿ ಕೆಲವರಿಗೆ ಈ ಕಿಣ್ವ ಚುರುಕು, ಕೆಲವರಿಗೆ ನಿಧಾನ, ನಾಯಿಗೆ ಸೊನ್ನೆ. ಆದ್ದರಿಂದ ಔಷಧ ರಕ್ತದಲ್ಲಿ ಉಳಿದುಕೊಂಡು ಮೆದುಳಿನ ಮೇಲೆ ಎರಗುತ್ತದೆ, ಸೆಳವು ಬರುತ್ತದೆ. 300 ಮಿಲಿಗ್ರಾಂನ ಒಂದೇ ಒಂದು ಮಾತ್ರೆ ಐದು ಕಿಲೋ ತೂಕದ ನಾಯಿಯನ್ನು ಕೊಲ್ಲಬಲ್ಲದು. ಇದು ಚಿಕಿತ್ಸೆಯ ಚರ್ಚೆಗಿಂತ ಹೆಚ್ಚು ತುರ್ತಿನ ವಿಷಯ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ಉಳಿದವರಿಗೆ ರೋಗ ತಡೆಯಲು ಸರ್ಕಾರವೇ ಆರು ತಿಂಗಳ ಐಸೋನಿಯಾಜಿಡ್ ಕೊಡುವ ಕ್ರಮವಿದೆ. ಅಂದರೆ ಲಕ್ಷಾಂತರ ಮನೆಗಳ ಟಿ.ವಿ. ಸ್ಟ್ಯಾಂಡಿನ ಮೇಲೆ, ದಿಂಬಿನ ಪಕ್ಕದಲ್ಲಿ ಈ ಮಾತ್ರೆಯ ಹಾಳೆಗಳು ಬಿದ್ದಿರುತ್ತವೆ. ಅಗಿಯುವ ವಯಸ್ಸಿನ ಮರಿಗೆ ಕ್ಷಯಾಣುವಿಗಿಂತ ಈ ಹಾಳೆಯೇ ದೊಡ್ಡ ಅಪಾಯ. ನುಂಗಿದ್ದು ಗೊತ್ತಾದರೆ ನಾಯಿ ನಡುಗುವವರೆಗೆ ಕಾಯಬಾರದು, ಹಾಳೆಯ ಸಮೇತ ಪಶುವೈದ್ಯರ ಬಳಿಗೆ ಓಡಬೇಕು. ಇದಕ್ಕೆ ಪ್ರತ್ಯೌಷಧ ಇದೆ, ಸುಲಭವಾಗಿ ಸಿಗುವಂಥದ್ದೂ ಹೌದು: ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್, ಚುಚ್ಚುಮದ್ದಿನ ರೂಪದಲ್ಲಿ.

ಮೊದಲಿನ ಪ್ರಶ್ನೆಗೂ ಉತ್ತರ ಹೇಳಿಬಿಡುವುದು ಒಳ್ಳೆಯದು. ನಾಯಿಯಿಂದ ಮನುಷ್ಯರಿಗೆ ಕ್ಷಯ ದಾಟಲು ಸಾಧ್ಯವಿದೆ, ಆದರೆ ದೈನಂದಿನ ಬದುಕಿನಲ್ಲಿ ಅದರ ಸಾಧ್ಯತೆ ಕಡಿಮೆ. ಸ್ವಿಟ್ಜರ್ಲೆಂಡ್‌ನಲ್ಲಿ ಕ್ಷಯವಿದೆಯೆಂದು ತಿಳಿಯದೆ ನಾಯಿಯೊಂದರ ಮರಣೋತ್ತರ ಪರೀಕ್ಷೆ ಮಾಡಿದಾಗ ಪಶುವೈದ್ಯ ಸಿಬ್ಬಂದಿಯಲ್ಲಿ ಹಲವರಿಗೆ ಸೋಂಕು ತಗಲಿತು. ದೇಹವನ್ನು ಸೀಳುವಾಗ ಗಾಳಿಗೆ ಹಾರುವ ಸೂಕ್ಷ್ಮ ಹನಿಗಳ ಅಪಾಯ, ಸೋಫಾದ ಮೇಲೆ ಪಕ್ಕದಲ್ಲಿ ಮಲಗಿದ ನಾಯಿಯ ಅಪಾಯಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೆಚ್ಚು ಚಿಂತಿಸಬೇಕಾದವರು ಪಶುವೈದ್ಯರು, ಅವರ ಸಹಾಯಕರು.

ದನದ ಕ್ಷಯದ ಕಥೆ ಬೇರೆಯೇ. ಇಂಗ್ಲೆಂಡಿನ ಕಿಂಬಲ್‌ವಿಕ್ ಬೇಟೆನಾಯಿಗಳ ಹಿಂಡಿನಲ್ಲಿ 2016-17ರಲ್ಲಿ ಮೈಕೋಬ್ಯಾಕ್ಟೀರಿಯಂ ಬೋವಿಸ್ ಹರಡಿ ಹತ್ತಾರು ನಾಯಿಗಳನ್ನು ಕೊಲ್ಲಬೇಕಾಯಿತು. ಸತ್ತ ಜಾನುವಾರುಗಳ ಹಸಿ ಮಾಂಸ ತಿನ್ನಿಸಿದ್ದರ ಮೇಲೆ ಅನುಮಾನ ಹೋಯಿತು. ಬೋವಿಸ್ ತಳಿಗೆ ಪಿರಾಜಿನಮೈಡ್ ಎಂಬ ಔಷಧ ಹುಟ್ಟಿನಿಂದಲೇ ನಾಟುವುದಿಲ್ಲ. ಹಸಿ ಮಾಂಸ, ಕಾಯಿಸದ ಹಾಲನ್ನು ನಾಯಿಗೆ ‘ಸಹಜ ಆಹಾರ’ ಎಂದು ಕೊಡುವ ಹೊಸ ಶೋಕಿ ನಗರಗಳಲ್ಲಿ ಬೆಳೆಯುತ್ತಿರುವಾಗ ಇಷ್ಟು ತಿಳಿದಿದ್ದರೆ ಸಾಕು.

ಕ್ಷಯ ರೋಗಿ ಇರುವ ಮನೆಯಲ್ಲಿ ನಾಯಿಯನ್ನು ಬೀದಿಗೆ ಬಿಡುವುದು ಪರಿಹಾರವಲ್ಲ; ಸೋಂಕು ತಗಲಿದ್ದರೆ ಅದನ್ನು ಗಮನಿಸುವವರೇ ಇಲ್ಲದ ಕಡೆಗೆ ಕಳುಹಿಸಿದಂತೆ. ಮದರಾಸಿನಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ಪ್ರಸಿದ್ಧ ಪ್ರಯೋಗ, ಕ್ಷಯ ರೋಗಿಗಳನ್ನು ಸ್ಯಾನಿಟೋರಿಯಂಗೆ ಸೇರಿಸದೆ ಮನೆಯಲ್ಲೇ ಔಷಧ ಕೊಟ್ಟರೂ ಗುಣವಾಗುತ್ತದೆ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಇಲ್ಲ ಎಂದು ತೋರಿಸಿತು. ಸರಿಯಾದ ಔಷಧ ಆರಂಭವಾದ ಮೇಲೆ ರೋಗಿ ಸೋಂಕು ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ನಾಯಿಗೂ ಇದೇ ಲೆಕ್ಕ. ವೈದ್ಯರು ಹರಡುವ ಅಪಾಯ ಕಳೆಯಿತು ಎನ್ನುವವರೆಗೆ ರೋಗಿಯ ಕೋಣೆಗೆ, ಹಾಸಿಗೆಗೆ ನಾಯಿಯನ್ನು ಬಿಡದಿರುವುದು, ಅವರ ಎಂಜಲು ತಟ್ಟೆಯನ್ನು ಅದಕ್ಕೆ ಒಡ್ಡದಿರುವುದು, ಕಫವನ್ನು ಅಂಗಳದ ಮಣ್ಣಿಗೆ ಉಗಿಯದಿರುವುದು, ಕಿಟಕಿ ತೆರೆದಿಡುವುದು. ನಿರೋಧಕ ಕ್ಷಯದಲ್ಲಿ ‘ಸರಿಯಾದ ಔಷಧ’ ಎಂಬ ಮಾತಿಗೇ ತೂಕ ಹೆಚ್ಚು. ಮಾಮೂಲಿ ಮಾತ್ರೆ ನುಂಗುತ್ತಿರುವ ನಿರೋಧಕ ರೋಗಿ ಎರಡು ತಿಂಗಳ ನಂತರವೂ ಮೊದಲ ದಿನದಷ್ಟೇ ಹರಡುತ್ತಿರಬಹುದು.

ಇಷ್ಟೆಲ್ಲ ಗೊತ್ತಿದ್ದೂ ಎರಡು ಇಲಾಖೆಗಳ ನಡುವೆ ಮಾತುಕತೆ ಇಲ್ಲ. ಮನುಷ್ಯರಲ್ಲಿ ಕ್ಷಯ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯ. ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರು ಸೇರುತ್ತದೆ, ಆರೋಗ್ಯ ಕಾರ್ಯಕರ್ತರು ಮನೆಗೆ ಬಂದು ಉಳಿದವರನ್ನು ವಿಚಾರಿಸುತ್ತಾರೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ನಾಯಿಯಲ್ಲಿ ಪತ್ತೆ ಮಾಡಿದ ಪಶುವೈದ್ಯರು ದೂರವಾಣಿ ಎತ್ತಿಕೊಂಡು ಯಾರಿಗೆ ಕರೆ ಮಾಡಬೇಕು? ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದಿನ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ ಇವೆ. ಇನ್ನೂ ಮುಂದೆ ಯಲಹಂಕದಲ್ಲಿ ಜಾನುವಾರು ರೋಗಗಳ ಲೆಕ್ಕ ಇಡುವ ಕೇಂದ್ರ ಸಂಸ್ಥೆ ನಿವೇದಿ ಇದೆ. ಒಂದು ಮಾದರಿ ಕಳುಹಿಸಲು ಒಂದು ಆಟೋ ಸಾಕಾಗುವಷ್ಟು ದೂರ. ಇಲ್ಲದಿರುವುದು ಅದನ್ನು ಕಳುಹಿಸಿ ಎನ್ನುವ ಒಂದು ಸುತ್ತೋಲೆ.

ಆನೆಯ ವಿಷಯದಲ್ಲಿ ಈ ಅರಿವು ಮೂಡಿದೆ. ಸಾಕಾನೆಗೆ ಕ್ಷಯ ಬಂದರೆ ಮಾವುತ, ಕಾವಾಡಿಗಳನ್ನು ತಪಾಸಣೆ ಮಾಡಬೇಕೆಂದು ತಜ್ಞರು ಹೇಳುತ್ತಲೇ ಬಂದಿದ್ದಾರೆ. ನಾಯಿಗೆ ಇದಕ್ಕಿಂತ ದೊಡ್ಡ ಏರ್ಪಾಡು ಬೇಕಿಲ್ಲ. ಚಿಕಿತ್ಸೆಗೆ ಬಗ್ಗದೆ ವಾರಗಟ್ಟಲೆ ಕೆಮ್ಮಿ ಬಡಕಲಾಗುತ್ತಿರುವ ನಾಯಿ ಬಂದಾಗ, ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ, ಹಿಂದೆ ಟಿ.ಬಿ. ಆಗಿತ್ತೇ ಎಂದು ಪಶುವೈದ್ಯರು ಕೇಳಬೇಕು. ಉತ್ತರ ನೇರವಾಗಿ ಸಿಗುತ್ತದೆಂಬ ಭರವಸೆ ಇಲ್ಲ. ಮಗಳ ಮದುವೆ ಮಾತುಕತೆ ಇರುವ ಮನೆಯಲ್ಲಿ ಕ್ಷಯದ ಹೆಸರನ್ನು ನಾಯಿಯ ಡಾಕ್ಟರ ಮುಂದೆ ಎತ್ತುವವರು ಯಾರು? ಹಾಗಾಗಿ ಕೇಳುವ ರೀತಿಯೂ ಮುಖ್ಯ, ಗುಟ್ಟು ಕಾಯುವ ಭರವಸೆಯೂ ಮುಖ್ಯ.

ಆ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದು, ನಾಯಿಯ ಮಾದರಿಯಲ್ಲಿ ಕ್ಷಯಾಣು ಬೆಳೆದರೆ, ಪ್ರಯೋಗಾಲಯ ಅದರ ಔಷಧ ಸಂವೇದನೆಯನ್ನೂ ಪರೀಕ್ಷಿಸಬೇಕು, ನಾಯಿ ಅಷ್ಟರಲ್ಲಿ ಸತ್ತಿದ್ದರೂ. ಯಾವ ಔಷಧಕ್ಕೆ ಆ ತಳಿ ಬಗ್ಗುವುದಿಲ್ಲ ಎಂಬ ವಿವರ ಮನೆಯ ರೋಗಿಯ ವೈದ್ಯರ ಕೈ ಸೇರಿದರೆ, ಮಾಮೂಲಿ ಮಾತ್ರೆ ನಡೆಯುತ್ತಿರುವವರ ಕಫವನ್ನು ಅವರು ಅದೇ ವಾರ ಮತ್ತೆ ಪರೀಕ್ಷೆಗೆ ಕಳುಹಿಸುತ್ತಾರೆ. ಮನೆಯ ಮಕ್ಕಳಿಗೆ ತಡೆಗಾಗಿ ಐಸೋನಿಯಾಜಿಡ್ ಕೊಡುವುದೋ, ಬೇರೆಯದನ್ನು ಕೊಡುವುದೋ ಎಂಬ ತೀರ್ಮಾನವೂ ಅದೇ ಹಾಳೆಯ ಮೇಲೆ ನಿಲ್ಲುತ್ತದೆ.